ಗಾಡಿಗೆ ಹೇಳಿದ ಮಾತು

ಆಗ ನನಗೆ ಅರವತ್ತೆರಡು ವರ್ಷ. ಆರು ವರ್ಷದ ಹಿಂದಿನ ಸಂಗತಿ. ಮಾತು ಬಿಡುವುದೆಂದರೆ ಬಾಯಿ ಮುಚ್ಚಿಕೊಂಡು ಸುಮ್ಮನಿರುವುದು ಎಂದು ತಿಳಿದವರು ಜೀವಮಾನದಲ್ಲಿ ಯಾರ ಜೊತೆಗೂ ಸರಿಯಾಗಿ ಮಾತು ಬಿಟ್ಟಿರುವುದಿಲ್ಲ. ಒಂದೇ ಅಂಗಳದಲ್ಲಿ ಇದ್ದುಕೊಂಡು, ಒಂದೇ ನಲ್ಲಿಯ ನೀರು ಹಿಡಿಯುತ್ತಾ ಮಾತು ಬಿಟ್ಟವರಿಗೆ ಮಾತಾಡುವವರಿಗಿಂತ ಹೆಚ್ಚು ಮಾತು ಬೇಕಾಗುತ್ತದೆ. ನಲ್ಲಿಯಲ್ಲಿ ನೀರು ಬಂತು ಅಂತ ಹೇಳಬೇಕು, ಹಸು ಹಗ್ಗ ಬಿಚ್ಚಿಕೊಂಡಿದೆ ಅಂತ ಹೇಳಬೇಕು, ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಅಂತ ಹೇಳಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬೈಯಬೇಕು. ನೇರವಾಗಿ ಹೇಳಿದರೆ ಮರ್ಯಾದೆ ಹೋಗುತ್ತದೆ. ಅದಕ್ಕೆ ನಡುವೆ ಏನಾದರೊಂದು ಇರಬೇಕು. ಕೆಲವರು ನಾಯಿಗೆ ಹೇಳುತ್ತಾರೆ, ಕೆಲವರು ಕಂಕುಳಲ್ಲಿರುವ ಕೂಸಿಗೆ ಹೇಳುತ್ತಾರೆ. ನಾನೂ ನನ್ನ ಓರಗಿತ್ತಿ ನಾರಾಯಣಮ್ಮನೂ ನಮ್ಮ ಡೀಸೆಲ್ ಪಿಕಪ್ ಗಾಡಿಗೆ ಹೇಳುತ್ತಿದ್ದೆವು.

ಗಾಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ದೇವರಾಯಸಮುದ್ರದ ಹತ್ತಿರ ನಮ್ಮೂರು. ನಮ್ಮದು ಮೋಲ್ಡ್ ಹಾಕುವ ಕೆಲಸ. ಯಾರಾದರೂ ಮನೆ ಕಟ್ಟಿ ಮೇಲ್ಛಾವಣಿ ಹಾಕುವ ದಿನ ಕಾಂಕ್ರೀಟ್ ಕಲಸುವ ಮಿಷನ್ನು, ಕಲಸಿದ್ದನ್ನು ಮೇಲಕ್ಕೆ ಎತ್ತುವ ಲಿಫ್ಟು, ಬಾಂಡ್ಲಿ ಹೊರುವ ಹೆಂಗಸರು, ಇಷ್ಟನ್ನೂ ಒದಗಿಸುವವರು ನಾವು. ಮಿಷನ್ನಿಗೆ ಚಕ್ರವಿದ್ದರೂ ಅದು ತಾನಾಗಿ ಹೋಗುವುದಿಲ್ಲ. ಪಿಕಪ್ಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಇವತ್ತು ಶ್ರೀನಿವಾಸಪುರ, ನಾಳೆ ಕೋಲಾರ, ನಾಡಿದ್ದು ಮಾಲೂರು. ಗಾಡಿ ಓಡಿಸುವವರು ನಮ್ಮ ಯಜಮಾನರು, ಹೆಂಗಸರನ್ನು ಓಡಿಸುವವಳು ನಾನು. ಗಾಡಿ ನಮ್ಮ ಕೈಗೆ ಬರುವ ಮೊದಲು ಎಷ್ಟು ಊರು ತಿರುಗಿತ್ತೋ ಗೊತ್ತಿಲ್ಲ. ಬಂದ ಮೇಲೂ ನಾವು ಅದನ್ನು ಕೂರಲು ಬಿಡಲಿಲ್ಲ. ಕಿಲೋಮೀಟರ್ ತೋರಿಸುವ ಮೀಟರು ಎಣಿಸಿ ಎಣಿಸಿ ಸಾಕಾಗಿ ಎಂದೋ ನಿಂತುಹೋಗಿತ್ತು. ಮುಳಬಾಗಿಲಿನ ಮೆಕ್ಯಾನಿಕ್ ಬಾಷಾ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗಲೆಲ್ಲ ಒಳಗಿನಿಂದ ಬುಸುಬುಸು ಹೊಗೆ ಬರುತ್ತಿತ್ತು. "ಅಮ್ಮಾ, ಇದು ನಮ್ಮಜ್ಜನ ಥರ. ಬೀಡಿನೂ ಬಿಡಲ್ಲ, ಸಾಯೋದೂ ಇಲ್ಲ" ಅನ್ನುತ್ತಿದ್ದ.

ನಾನು ಓದಿದ್ದು ಮೂರನೇ ಕ್ಲಾಸು. ಗಾಡಿಯ ರಿಪೇರಿಗೆ ಅಷ್ಟು ಸಾಕು. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನದ ಪುಡಿ ಹಾಕಬೇಕು; ಅದು ಒಳಗೆ ತಿರುಗಿ ತಿರುಗಿ ತೂತು ಹುಡುಕಿಕೊಂಡು ಕೂರುತ್ತದೆ. ಡೀಸೆಲ್ ಟ್ಯಾಂಕು ಜಿನುಗಿದರೆ ಬಟ್ಟೆ ಸೋಪು ತಿಕ್ಕಬೇಕು. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿಕೊಂಡರೆ ನಟ್ಟು ಸಡಿಲಿಸಿ, ಪಂಪು ಒತ್ತಿ ಒತ್ತಿ, ಮಗುವಿಗೆ ತೇಗು ಬರಿಸಿದಂತೆ ಗಾಳಿ ಬಿಡಿಸಬೇಕು. ಮಿಷನ್ನಿನ ಭಾರಕ್ಕೆ ಹಿಂದಿನ ಕಮಾನು ಪಟ್ಟಿ ತುಂಡಾದರೆ ಮಾತ್ರ ಬಾಷಾನ ಹತ್ತಿರ ಹೋಗಬೇಕು. ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಮಾತ್ರ ಅದು ತಾನಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ. ಚಳಿಗಾಲದಲ್ಲಂತೂ ಸೆಲ್ಫ್ ಹೊಡೆದರೆ ಮುದುಕ ಕೆಮ್ಮಿದಂತೆ ಒಂದು ಸಲ ಕೆಮ್ಮಿ ಮತ್ತೆ ಮಲಗುತ್ತಿತ್ತು. ಅದಕ್ಕೆ ನಮ್ಮ ಅಂಗಳದ ಇಳಿಜಾರಿನಲ್ಲಿ, ಮೂತಿ ಬೀದಿಯ ಕಡೆ ಮಾಡಿ ನಿಲ್ಲಿಸುತ್ತಿದ್ದೆವು. ಯಜಮಾನರು ಒಳಗೆ ಕೂರುತ್ತಿದ್ದರು, ನಾವು ಹಿಂದಿನಿಂದ ತಳ್ಳುತ್ತಿದ್ದೆವು. ನಾವು ಎಂದರೆ ನಾನು ಮತ್ತು ನಾರಾಯಣಮ್ಮ. ಮಾತು ಬಿಟ್ಟ ಮೇಲೂ.

ಮಾತು ಬಿಟ್ಟಿದ್ದು ಯಾಕೆ ಎಂದು ಕೇಳುತ್ತೀರಿ. ನಾರಾಯಣಮ್ಮ ನನ್ನ ಮೈದುನನ ಹೆಂಡತಿ. ಮೈದುನ ತೀರಿಕೊಂಡ ಮೇಲೆ ಅಂಗಳದ ಆ ಕಡೆ ಒಬ್ಬಳೇ ಇದ್ದಳು. ಮಗಳು ಮಂಜುಳಳನ್ನು ಮಾಲೂರಿಗೆ ಕೊಟ್ಟಿತ್ತು. ನಾರಾಯಣಮ್ಮನ ಮನೆಗೆ ಮೋಲ್ಡ್ ಹಾಕಿದ್ದು ನಮ್ಮ ಮಿಷನ್ನೇ. ಮೋಲ್ಡ್ ಹಾಕಿದ ಮೇಲೆ ಅದರ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಒಣಗಿ ಬಿರುಕು ಬಿಡುತ್ತದೆ. ಇವಳು ತಂಗಿಯ ಮಗಳ ಮದುವೆಗೆಂದು ಹೋಗಿ ಅಲ್ಲೇ ಕೂತಳು. ಮಳೆಗಾಲ ಬಂತು, ಒಂದು ಮೂಲೆಯಲ್ಲಿ ಸೋರಿತು. ಸೋರಿದ್ದಕ್ಕೆ ನನಗೆ ಸಿಟ್ಟಿಲ್ಲ. ಶ್ರೀನಿವಾಸಪುರದಿಂದ ಕೆಲಸ ಮಾತಾಡಲು ಬಂದ ಗಿರಾಕಿ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಇವಳು ಒಂದು ಬಕೆಟ್ಟು ಹೊತ್ತು ತಂದು ಅವನ ಮುಂದೆಯೇ ಇಟ್ಟು, "ಅಕ್ಕಾ, ನೋಡು, ನಿನ್ನ ಮೋಲ್ಡು ರಾತ್ರಿ ಇಷ್ಟು ನೀರು ಕರೀತು" ಅಂದಳು. ಗಿರಾಕಿ ಕಾಫಿ ಮುಗಿಸಿದ, ಕೆಲಸದ ಮಾತು ಮುಗಿಸದೆ ಎದ್ದು ಹೋದ. ಅವಳ ಪ್ರಕಾರ ತಪ್ಪು ನೀರು ಕಟ್ಟದೆ ಬಿಟ್ಟದ್ದರಲ್ಲಿ ಇರಲಿಲ್ಲ, ನಾವು ತೆಳ್ಳಗೆ ಕಲಸಿದ್ದೆವಂತೆ. ನಾನು ತೆಳ್ಳಗೆ ಕಲಸಿರಲಿಲ್ಲ. ಇದನ್ನು ಇಲ್ಲಿಗೆ ಬಿಡುತ್ತೇನೆ, ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಅವತ್ತಿನಿಂದ ಮಾತು ಬಂದ್. ಆದರೆ ಮಾರನೆಯ ದಿನ ಗಾಡಿ ತಳ್ಳುವ ಹೊತ್ತಿಗೆ ಅವಳು ಸೆರಗು ಸಿಕ್ಕಿಸಿಕೊಂಡು ಬಂದು ನಿಂತಳು. ನನ್ನ ಮುಖ ನೋಡಲಿಲ್ಲ. ಗಾಡಿಯ ಬೆನ್ನು ತಟ್ಟಿ, "ಏಮ್ರಾ, ಇನ್ನೂ ಎದ್ದಿಲ್ವಾ? ನಿನ್ ಹೊಗೆ ನನ್ ಅಡುಗೆಮನೆಗೆ ನುಗ್ತದೆ ಅಂತ ತಳ್ತಾ ಇದೀನಿ, ಯಾರ ಮೇಲೂ ಪ್ರೀತಿ ಉಕ್ಕಿ ಅಲ್ಲ" ಅಂದಳು. ಅವಳು ಗೌನಿಪಲ್ಲಿ ಕಡೆಯವಳು, ಗಡಿಯಲ್ಲಿ ಹುಟ್ಟಿ ಬೆಳೆದವಳು. ಸಿಟ್ಟು ಬಂದರೆ ಮೊದಲು ತೆಲುಗೇ ಬರುತ್ತಿತ್ತು. ನಾನೇನು ಕಡಿಮೆಯೆ? ಗಾಡಿಯ ಇನ್ನೊಂದು ಮೂಲೆಗೆ ಭುಜ ಕೊಟ್ಟು, "ಲೇ ಗಾಡೀ, ತಳ್ಳೋರಿಗೆ ಹೇಳು, ಕೈಯಿಂದ ತಳ್ಳಬೇಕು, ಬಾಯಿಂದ ಅಲ್ಲ ಅಂತ" ಅಂದೆ. ಗಾಡಿ ಡುಬುಡುಬು ಎಂದು ಹೊತ್ತಿಕೊಂಡಿತು. ಅಲ್ಲಿಂದ ಶುರು.

ಎಷ್ಟೋ ವರ್ಷ ಹೀಗೇ ನಡೆಯಿತು. ಬೆಳಿಗ್ಗೆ ಎದ್ದರೆ ಇಬ್ಬರೂ ಗಾಡಿಯ ಹತ್ತಿರ. ಒಬ್ಬಳು ಚಕ್ರಕ್ಕೆ ಹೇಳುವುದು, ಇನ್ನೊಬ್ಬಳು ಟಾರ್ಪಾಲಿಗೆ ಹೇಳುವುದು. "ಲೇ ಗಾಡೀ, ಕೆಲವರ ಮನೇಲಿ ನಿನ್ನೆ ಕೋಳಿ ಸಾರಂತೆ, ವಾಸನೆ ಮಾತ್ರ ಈ ಕಡೆ ಬಂತು." ಸಂಜೆ ಗಾಡಿಯ ಬಾನೆಟ್ಟಿನ ಮೇಲೆ ಒಂದು ಬಟ್ಟಲು ಸಾರು ಇರುತ್ತಿತ್ತು. ಇಟ್ಟವಳು ನಾನೇ, ಗಾಡಿಗೆ ಇಟ್ಟಿದ್ದು. ತೊಳೆದ ಬಟ್ಟಲು ಬೆಳಿಗ್ಗೆ ಅದೇ ಜಾಗಕ್ಕೆ ವಾಪಸು ಬರುತ್ತಿತ್ತು, ಜೊತೆಗೆ ವರದಿಯೂ ಬರುತ್ತಿತ್ತು: "ಉಪ್ಪು ಜಾಸ್ತಿ ಕಣೋ ಗಾಡೀ, ವಯಸ್ಸಾದೋರ ಕೈ." ಒಂದು ಸಲ ಕೆಲಸಕ್ಕೆ ಹೊರಡುವ ಹೊತ್ತಿಗೆ ರೇಡಿಯೇಟರ್ ಸೋರಿತು, ನಮ್ಮ ಮನೆಯಲ್ಲಿ ಅರಿಶಿನ ಮುಗಿದಿತ್ತು. ನಾನು ಬಾಯಿ ಬಿಟ್ಟು ಕೇಳಲಿಲ್ಲ, ಡಬ್ಬಿಯನ್ನು ಜೋರಾಗಿ ಬಡಿದೆ ಅಷ್ಟೇ. ಅವಳು ತನ್ನ ಡಬ್ಬಿ ತಂದು ತಾನೇ ರೇಡಿಯೇಟರಿಗೆ ಸುರಿದು, "ತಗೋ, ಮದುಮಗನೇ. ನಿನಗೆ ಅರಿಶಿನ ಹಚ್ಚೋರೂ ನಾನೇ ಆದೆ" ಅಂದಳು. ಯಜಮಾನರು ಸೀಟಿನಲ್ಲಿ ಕೂತು ನಕ್ಕರು. ನಾನು ನಗಲಿಲ್ಲ. ನಗು ಬಂದಿತ್ತು, ಆದರೆ ಮಾತು ಬಿಟ್ಟಿದ್ದೆನಲ್ಲ.

ನನಗೆ ಅರವತ್ತೆರಡಾದ ಆ ವರ್ಷ ಮಾವಿನ ಕಾಲಕ್ಕೆ ಸ್ವಲ್ಪ ಮೊದಲು ಅವಳು ಗಾಡಿಯ ಹಿಂದೆ ನಿಂತು ನಂಬರ್ ಪ್ಲೇಟನ್ನು ಸವರುತ್ತಾ, "ನಿನ್ನ ನಂಬರು ಮಂಜುಮಂಜು ಕಾಣ್ತದೆ ಕಣೋ ಗಾಡೀ" ಅಂದಳು. ನಾನು, "ಕೋಲಾರದಲ್ಲಿ ಕಣ್ಣಿನಾಸ್ಪತ್ರೆ ಐತೆ ಅಂತ ಹೇಳೋ ಗಾಡೀ" ಅಂದೆ. ಅಷ್ಟಕ್ಕೆ ಬಿಟ್ಟೆ. ಮನುಷ್ಯರಿಗೆ ಹೇಳಿದ್ದರೆ ಇನ್ನೆರಡು ಮಾತು ಬೆಳೆಯುತ್ತಿದ್ದವು. ಯಾವ ಕಣ್ಣು, ಎಷ್ಟು ದಿನದಿಂದ, ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಬೇಕಾಗುತ್ತಿತ್ತು. ಗಾಡಿಯನ್ನು ಅದೆಲ್ಲ ಕೇಳಲಾಗುವುದಿಲ್ಲ.

ಅದಾದ ಮೇಲೆ ಗೌನಿಪಲ್ಲಿ ದಾರಿಯಲ್ಲಿ ಆ ಅನಾಹುತ ಆಯಿತು. ಹಿಂದೆ ಮಿಷನ್ನು, ಮೇಲೆ ಹೆಂಗಸರು, ಎದುರಿಗೆ ಏರು. ಅರ್ಧ ಏರಿಗೆ ಹೋಗುವಷ್ಟರಲ್ಲಿ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬಂತು. ಎಂಜಿನ್ನು ಕೂಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಮಿಷನ್ನು ನಮ್ಮನ್ನೇ ಹಿಂದಕ್ಕೆ ಎಳೆಯಲು ಶುರು ಮಾಡಿತು. ಇಷ್ಟು ವರ್ಷ ಎಳೆಸಿಕೊಂಡು ಬಂದಿದ್ದರ ಸೇಡು ತೀರಿಸಿಕೊಳ್ಳುವವರ ಹಾಗೆ. ಯಜಮಾನರು ಬ್ರೇಕ್ ತುಳಿದುಕೊಂಡು, "ಇಳೀರಿ, ಕಲ್ಲು ಕೊಡಿ, ಕಲ್ಲು ಕೊಡಿ" ಎಂದು ಕೂಗಿದರು. ಹೆಂಗಸರು ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟರು. ಜೀವ ಉಳಿಯಿತು, ಮಾನ ಉಳಿಯಲಿಲ್ಲ. ಮನೆ ಕಟ್ಟಿಸುವವರು ಫೋನಿನ ಮೇಲೆ ಫೋನು. "ಏನಮ್ಮಾ, ಪೂಜೆ ಆಯ್ತು, ಕಾಯಿ ಒಡೆದಾಯ್ತು, ಅಡುಗೆಯೋರು ಸಾರಿಗೆ ಖಾರ ಹಾಕ್ಬುಟ್ರು, ಮಿಷನ್ ಎಲ್ಲಿ?" ಮಿಷನ್ನು ಮಾವಿನ ತೋಪಿನ ಪಕ್ಕ ನಿಂತಿತ್ತು. ಅವರು ಬೇರೆ ಮಿಷನ್ನು ಕರೆಸಿಕೊಂಡರು. ನಮ್ಮ ಗಾಡಿಯನ್ನು ಒಂದು ಟ್ರ್ಯಾಕ್ಟರು ಮುಳಬಾಗಿಲಿನವರೆಗೆ ಎಳೆದುಕೊಂಡು ಹೋಯಿತು. ಊರೂರಿಗೆ ಎಳೆಯುತ್ತಿದ್ದವನು ಮೂತಿಗೆ ಹಗ್ಗ ಕಟ್ಟಿಸಿಕೊಂಡು ಹೋಗುವುದನ್ನು ನೋಡಿ ದಾರಿಯಲ್ಲಿದ್ದವರು ನಕ್ಕರು. ನಾನಾಗಿದ್ದರೂ ನಗುತ್ತಿದ್ದೆ.

ಬಾಷಾ ಗಾಡಿಯ ಕೆಳಗೆ ತೂರಿ ನೋಡಿ ಬಂದು ಕೈ ಒರೆಸಿಕೊಂಡ. "ಅಮ್ಮಾ, ಕ್ಲಚ್ಚಿಗೆ ಅಂತ ಎಲ್ಲಾ ಇಳಿಸಿದ ಮೇಲೆ ಎಂಜಿನ್ನೂ ಬಿಚ್ಚಿಬಿಡಾಣ. ಪಿಸ್ಟನ್, ರಿಂಗು, ಬೋರು, ಹೀಟರ್ ಪ್ಲಗ್ಗು ಎಲ್ಲಾ ಹೊಸದು. ಆಮೇಲೆ ತಳ್ಳೋ ಮಾತೇ ಇಲ್ಲ" ಅಂದ. ಯಜಮಾನರು ನನ್ನ ಮುಖ ನೋಡಿದರು. ಮೋಲ್ಡ್ ಕೆಲಸದಲ್ಲಿ ತಡವಾದ ಮಿಷನ್ನನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ. ಅರ್ಧ ಹಾಕಿ ಉಳಿದರ್ಧ ನಾಳೆ ಹಾಕುತ್ತೇವೆ ಎನ್ನಲು ಅದು ರೊಟ್ಟಿಯಲ್ಲ. ನಾನು, "ಮಾಡು, ಎಲ್ಲಾ ಮಾಡು" ಅಂದೆ. ಈಗ ಯೋಚಿಸಿದರೆ ಕ್ಲಚ್ ಒಂದನ್ನೇ ಮಾಡಿಸಬೇಕಿತ್ತು. ಮೂರು ದಿನದ ಕೆಲಸ.

ಎಂಜಿನ್ ಕೆಲಸ ನಿಮಗೆ ಗೊತ್ತಿರಬಹುದು. ನಾಳೆ ಅನ್ನುತ್ತಾರೆ. ಬೋರ್ ಹೊಡೆಯಲು ಬೇರೆ ಊರಿಗೆ ಕಳಿಸಿದ್ದೇವೆ ಅನ್ನುತ್ತಾರೆ. ಅಲ್ಲಿ ಕರೆಂಟಿಲ್ಲ ಅನ್ನುತ್ತಾರೆ. ಬಂದ ರಿಂಗು ಸೈಜು ತಪ್ಪು ಅನ್ನುತ್ತಾರೆ. ಆಮೇಲೆ ಬಾಷಾನ ಮನೆಯಲ್ಲಿ ಹಬ್ಬ ಬಂತು, ನಮ್ಮ ಮನೆಯಲ್ಲಿ ಸೂತಕ ಬಂತು. ತಿಂಗಳು ದಾಟಿತು. ನಾವು ಬಾಡಿಗೆ ಟ್ರ್ಯಾಕ್ಟರಿನಲ್ಲಿ ಮಿಷನ್ನು ಎಳೆಸಿಕೊಂಡು ಹೇಗೋ ಕೆಲಸ ನಡೆಸಿದೆವು. ಆದರೆ ಅಂಗಳ ಖಾಲಿ. ಗಾಡಿ ನಿಲ್ಲುತ್ತಿದ್ದ ಕಡೆ ನೆಲ ಆಯಿಲ್ ಕುಡಿದು ಕಪ್ಪಗಾಗಿತ್ತು, ಸೀದ ದೋಸೆಯ ಹಾಗೆ.

ಗಾಡಿಯಿಲ್ಲದ ಮೊದಲ ದಿನ ಬೆಳಿಗ್ಗೆ ನಾರಾಯಣಮ್ಮ ಎಂದಿನಂತೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಆ ಕಪ್ಪು ಮಚ್ಚೆಯ ಹತ್ತಿರ ಬಂದು ನಿಂತಳು. ಬಾಯಿ ತೆರೆದಳು. ಎದುರಿಗೆ ಗಾಳಿ. ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನಗೂ ಅದೇ ಕಷ್ಟ. ಕೋಳಿಗೆ ಹೇಳೋಣವೆಂದರೆ ಅದು ಪೂರ್ತಿ ಕೇಳುವ ತನಕ ನಿಲ್ಲುವುದಿಲ್ಲ. ಗೋಡೆಗೆ ಹೇಳಿದರೆ ಜನ ಹುಚ್ಚು ಅನ್ನುತ್ತಾರೆ. ಕೊನೆಗೆ ಯಜಮಾನರನ್ನೇ ನಡುವೆ ಇಟ್ಟುಕೊಂಡು ನೋಡಿದೆ. "ಆ ಕಡೆಯೋಳ್ಗೆ ಹೇಳಿ, ರಾಗಿ ಬಿಸಿಲಿಗೆ ಹಾಕಿ ಹಂಗೇ ಬಿಟ್ಟವಳೆ, ಅರ್ಧ ಗುಬ್ಬಿಗೆ, ಅರ್ಧ ನೆರೆಮನೆ ಮೇಕೆಗೆ, ದಾನಶೂರಿ ಅಂತ" ಅಂದೆ. ಅವರು ಜಗಲಿಗೆ ಹೋಗಿ, "ನಾರಾಯಣಮ್ಮಾ, ರಾಗಿ" ಅಂದು ಬಂದರು. ಅಷ್ಟೇ. ಗುಬ್ಬಿಯಿಲ್ಲ, ಮೇಕೆಯಿಲ್ಲ, ದಾನವಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಒಂದು ಬೈಗುಳ ದಾಟಿಸಲಾರದೆ ಹೋದರು. ಗಾಡಿ ಬಾಯಿಲ್ಲದೆಯೇ ಎಷ್ಟು ಚೆನ್ನಾಗಿ ಹೇಳುತ್ತಿತ್ತು.

ಒಂದು ಬೆಳಿಗ್ಗೆ ನಾರಾಯಣಮ್ಮ ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಬ್ಯಾಗು ಹಿಡಿದು ಬಾಗಿಲಿಗೆ ಬೀಗ ಹಾಕಿದಳು. ಕಪ್ಪು ಮಚ್ಚೆಯ ಹತ್ತಿರ ಬಂದು ನಿಂತಳು. ಬೇರೆ ದಿನದಂತೆ ಕೂಡಲೇ ತಿರುಗಲಿಲ್ಲ. ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ನಮ್ಮ ಕಿಟಕಿಯ ಕಡೆ ನೋಡಿದಳು. ಅವಳಿಗೆ ನಾನು ಕಾಣಿಸುತ್ತಿದ್ದೆನೋ ಮಂಜುಮಂಜಾಗಿದ್ದೆನೋ ಗೊತ್ತಿಲ್ಲ. ನಾನು ಮುದ್ದೆಯ ಎಸರಿಗೆ ಹಿಟ್ಟು ಹಾಕಿ ಕೋಲು ಹಿಡಿದು ನಿಂತಿದ್ದೆ. "ಎಲ್ಲಿಗೇ ಹೊರಟೆ?" ಎನ್ನುವುದಕ್ಕೆ ಎರಡು ಮಾತು ಸಾಕು. ನನ್ನ ಬಾಯಿಗೆ ಬರಲಿಲ್ಲ. ಆಸ್ಪತ್ರೆಗಿರಬೇಕು, ಸಂಜೆ ಬರುತ್ತಾಳೆ, ಅಷ್ಟರಲ್ಲಿ ನಮ್ಮ ಗಾಡಿಯೂ ಬರುತ್ತದೆ ಎಂದುಕೊಂಡೆ. ಅವಳು ಗೇಟು ಮೆಲ್ಲಗೆ ಎಳೆದುಕೊಂಡು ಹೋದಳು. ಅದುವರೆಗೆ ಅವಳು ಆ ಗೇಟನ್ನು ಬಡಿಯದೆ ಹೋದದ್ದೇ ಇಲ್ಲ. ಅಷ್ಟರಿಂದಲಾದರೂ ನನಗೆ ತಿಳಿಯಬೇಕಿತ್ತು.

ಸಂಜೆ ಬರಲಿಲ್ಲ. ವಾರ ಕಳೆದ ಮೇಲೆ ಡೈರಿಯಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಪಾತ್ರೆ ಪಗಡೆ ಹೊತ್ತುಕೊಂಡು ಬಾಡಿಗೆಗೆ ಬಂದು ಅವಳ ಬೀಗ ತೆಗೆದರು. "ನಾರಾಯಣಮ್ಮೋರ ಕಣ್ಣಿಗೆ ಆಪರೇಷನ್ ಆಯ್ತಂತೆ. ಇನ್ಮೇಲೆ ಮಾಲೂರಲ್ಲೇ ಮಗಳ ಹತ್ರ ಇರ್ತಾರಂತೆ. ನಿಮಗೆ ಹೇಳಿಲ್ವಾ?" ಎಂದು ಆ ಹುಡುಗಿ ಕೇಳಿದಳು. "ಹೇಳಿದ್ಲು, ಹೇಳಿದ್ಲು" ಅಂದೆ.

ಆಮೇಲೆ ಗಾಡಿ ಬಂತು. ಯಜಮಾನರು ಕೀ ಅರ್ಧ ತಿರುಗಿಸುವಷ್ಟರಲ್ಲಿ ಹೊತ್ತಿಕೊಂಡಿತು. ಹೊಗೆಯಿಲ್ಲ, ಕೆಮ್ಮಿಲ್ಲ, ಸದ್ದೆಂದರೆ ಹೊಲಿಗೆ ಮಿಷನ್ನಿನಷ್ಟು. "ನೋಡಿದ್ಯಾ? ಇನ್ನು ತಳ್ಳೋ ಹಂಗೇ ಇಲ್ಲ" ಎಂದು ಅವರು ಹೊಸ ಅಳಿಯನನ್ನು ತೋರಿಸಿದಂತೆ ತೋರಿಸಿದರು. ಮಾರನೆಯ ದಿನ ಬೆಳಿಗ್ಗೆ ಅಭ್ಯಾಸ ಬಲದಿಂದ ನಾನು ಗಾಡಿಯ ಹಿಂದೆ ಹೋಗಿ ನಿಂತು, ಆ ಮನೆಗೆ ಕೇಳುವಷ್ಟು ಜೋರಾಗಿ, "ಏನ್ಲಾ, ಬಂದ್ಯಾ? ಅಂತೂ ದಾರಿ ಗೊತ್ತಾಯ್ತಾ?" ಅಂದೆ. ಬಾಡಿಗೆಯ ಹುಡುಗಿ ಬಾಗಿಲಿಗೆ ಬಂದು, "ನಮ್ಮೆಜಮಾನ್ರನ್ನ ಕರೆದ್ರಾ ಅಮ್ಮ?" ಅಂದಳು. ಇಲ್ಲಮ್ಮ, ಗಾಡಿ ಜೊತೆ ಮಾತಾಡ್ತಿದ್ದೆ ಅಂದೆ. ಅವಳು ಪಾಪ, ಬಾಗಿಲು ಮೆಲ್ಲಗೆ ಹಾಕಿಕೊಂಡಳು. ಅವತ್ತಿನಿಂದ ನನ್ನನ್ನು ಕಂಡರೆ ಅವಳಿಗೆ ಸ್ವಲ್ಪ ಭಯ.

ಕೆಲವು ತಿಂಗಳ ಮೇಲೆ ಮಾಲೂರಿನಲ್ಲಿ ಒಂದು ಮೋಲ್ಡ್ ಕೆಲಸ ಬಂತು. ಮಧ್ಯಾಹ್ನಕ್ಕೇ ಮುಗಿಯಿತು. "ಮಂಜುಳನ ಬೀದಿಗೆ ತಿರುಗ್ಸಿ" ಅಂದೆ. ಯಜಮಾನರು ತಿರುಗಿಸಿದರು, ಮಿಷನ್ನು ಹಿಂದಿನಿಂದ ತಿರುಗಿತು, ಬೀದಿಯ ಸ್ಕೂಟರುಗಳೆಲ್ಲ ಗೋಡೆಗೆ ಅಂಟಿಕೊಂಡವು. ಮನೆ ಮಹಡಿಯ ಮೇಲೆ. ಎಂಜಿನ್ನು ಆರಿಸಬೇಡಿ ಅಂದೆ. ಊರಿನಲ್ಲಿದ್ದಾಗ ನಮ್ಮ ಗಾಡಿ ಬೀದಿಯ ತುದಿಗೆ ಬಂದರೇ ಸಾಕು, ಅವಳು ಸೌಟು ಹಿಡಿದು ಹೊರಗೆ ಬರುತ್ತಿದ್ದಳು. ಕಾದೆವು. ಯಾರೂ ಬರಲಿಲ್ಲ. ಎಂಜಿನ್ನು ಮೆತ್ತಗೆ ಗುನುಗುತ್ತಿತ್ತು. ಕೊನೆಗೆ ನಾನೇ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ.

ಬಾಗಿಲು ತೆಗೆದವಳು ಅವಳೇ. "ಅಯ್ಯೋ ಅಕ್ಕಾ! ಗಾಡಿ ಸದ್ದು ಕೇಳ್ತು, ಯಾರದೋ ಅಂದ್ಕೊಂಡೆ. ನಮ್ದು ಹಿಂಗೆ ಕೂಗ್ತಿರ್ಲಿಲ್ಲ" ಅಂದಳು. ಅಷ್ಟು ವರ್ಷದ ಮೇಲೆ ನೇರವಾಗಿ ನನ್ನ ಮುಖ ನೋಡಿ ಆಡಿದ ಮೊದಲ ಮಾತು. ಪೊರೆ ತೆಗೆದ ಕಣ್ಣು ಚೆನ್ನಾಗಿ ಹೊಳೆಯುತ್ತಿತ್ತು. ಬಾ, ಕೂತ್ಕೋ ಎಂದು ಕುರ್ಚಿ ಎಳೆದಳು. ಕುರ್ಚಿ! ನಾನು ಅವಳ ಮನೆಯಲ್ಲಿ ಎಂದೂ ಕುರ್ಚಿಯಲ್ಲಿ ಕೂತವಳಲ್ಲ, ಹೊಸಿಲ ಮೇಲೆ ಕೂತು ಜಗಳ ಆಡಿದವಳು. ಮಂಜುಳ ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿ ತಂದಳು, ಕಾಫಿಗೆ ತಟ್ಟೆ ಬೇರೆ. ಮಂಡಿ ಹೇಗಿದೆ ಎಂದು ನಾರಾಯಣಮ್ಮ ಕೇಳಿದಳು, ಹಂಗೇ ಐತೆ ಎಂದೆ. ಕಣ್ಣು ಹೇಗಿದೆ ಎಂದು ನಾನು ಕೇಳಿದೆ, ಚೆನ್ನಾಗೈತೆ ಎಂದಳು. ಮಳೆ ಆಯ್ತಾ? ಆಯ್ತು. ಅಲ್ಲಿಗೆ ಮಾತು ಮುಗಿಯಿತು. ಗಾಡಿಯನ್ನು ನಡುವೆ ನಿಲ್ಲಿಸಿಕೊಂಡು ಒಂದು ಬಟ್ಟಲು ಸಾರಿನ ಮೇಲೆ ವಾರಗಟ್ಟಲೆ ಆಡುತ್ತಿದ್ದವರಿಗೆ ಎದುರುಬದುರು ಕೂತರೆ ಒಂದು ಲೋಟ ಕಾಫಿಗಾಗುವಷ್ಟು ಮಾತೂ ಇರಲಿಲ್ಲ.

ಎದ್ದು ನಿಲ್ಲುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. "ಅವತ್ತು ಬ್ಯಾಗ್ ಹಿಡ್ಕೊಂಡು ಅಂಗಳದಲ್ಲಿ ನಿಂತಿದ್ದೆಯಲ್ಲ, ಏನ್ ಹೇಳಬೇಕು ಅಂತಿದ್ದೆ?"

ಅವಳು ಬಿಸ್ಕತ್ತಿನ ತಟ್ಟೆ ಎತ್ತಿ ನನ್ನ ಮುಂದೆ ಹಿಡಿದಳು. "ಏನೋ ಇತ್ತಕ್ಕ. ಈಗ ನೆನಪಿಲ್ಲ. ಪೋನೀ, ಬಿಡು. ಬಿಸ್ಕತ್ತು ಮುಟ್ಟಲೇ ಇಲ್ಲವಲ್ಲ, ತಗೋ."

ಹೊರಡುವಾಗ, "ಇರು, ಇರು, ಹಂಗೇ ಹೋಗಬಾರದು" ಎಂದು ಮಗಳನ್ನು ಕೂಗಿದಳು. ಮಂಜುಳ ಬಂದು ನನ್ನ ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆ, ತೆಂಗಿನಕಾಯಿ, ಒಂದು ಹಸಿರು ಬ್ಲೌಸ್ ಪೀಸು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಮನೆಗೆ ಬಂದ ಮುತ್ತೈದೆಗೆ ಕೊಡುವ ಮರ್ಯಾದೆ. ಒಂದೂ ಕೊರತೆಯಿಲ್ಲ. ಒಂದೇ ಅಂಗಳದಲ್ಲಿದ್ದಷ್ಟು ಕಾಲ ನಾರಾಯಣಮ್ಮ ನನಗೆ ಒಂದು ಬ್ಲೌಸ್ ಪೀಸು ಕೊಟ್ಟಿದ್ದಿಲ್ಲ, ನಾನೂ ಕೊಟ್ಟಿದ್ದಿಲ್ಲ. ಮನೆಯವರಿಗೆ ಯಾರಾದರೂ ಬ್ಲೌಸ್ ಪೀಸು ಕೊಟ್ಟು ಕಳಿಸುತ್ತಾರೆಯೆ? ಅವಳ ಪೆಟ್ಟಿಗೆಯಿಂದ ಬೇಕಾದ್ದನ್ನು ನಾನು ಎಳೆದುಕೊಳ್ಳುತ್ತಿದ್ದೆ, ಅವಳು ನನ್ನ ಸೀರೆ ಉಟ್ಟು ಹರಿದು ವಾಪಸು ಕೊಡುತ್ತಿದ್ದಳು. ಮೆಟ್ಟಿಲಿಳಿದು ಬಂದು ಮುಂದಿನ ಸೀಟಿನಲ್ಲಿ ಕೂತೆ. ಕಾಯಿ ತೊಡೆಯ ಮೇಲಿತ್ತು. ಯಜಮಾನರು ಖುಷಿಯಾಗಿದ್ದರು. "ಅಂತೂ ಸರಿಹೋಯ್ತಲ್ಲ. ಇಬ್ರೂ ಮಾತಾಡಿದ್ರಲ್ಲ." ಹೂಂ, ಸರಿಹೋಯ್ತು ಅಂದೆ. ಕೋಲಾರ ದಾಟುವವರೆಗೂ ಗಾಡಿ ಒಂದು ಸಲವೂ ಕೆಮ್ಮಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎದ್ದವಳೇ ಬಾನೆಟ್ಟು ಎತ್ತಿದೆ. ಹೊಸ ಎಂಜಿನ್ನಿನ ಆಯಿಲ್ ದಿನಾ ನೋಡಬೇಕು, ಮರೀಬೇಡಿ ಎಂದು ಬಾಷಾ ಹೇಳಿದ್ದ. ನೋಡಲು ಒರೆಸುವ ಬಟ್ಟೆ ಬೇಕು. ಆ ಹಸಿರು ಬ್ಲೌಸ್ ಪೀಸನ್ನು ತಂದು, ಹಲ್ಲಿನಿಂದ ಕಚ್ಚಿ, ಪರ್ರನೆ ಎರಡು ತುಂಡು ಮಾಡಿದೆ. ನಾನೇನು ನೆಂಟಳಲ್ಲ ಎಂದುಕೊಂಡು ಆಯಿಲ್ ಕಡ್ಡಿ ಎಳೆದು ಅದರಲ್ಲಿ ಒರೆಸಿದೆ. ಬಂದವರಿಗೆ ಮರ್ಯಾದೆಗೆ ಕೊಡುವ ಬಟ್ಟೆ ಎಂದ ಮೇಲೆ ಗೊತ್ತಲ್ಲ, ಒಂದೆಳೆ ಹತ್ತಿ ಇರಲಿಲ್ಲ, ಬರೀ ಜಾರು. ಆಯಿಲ್ಲನ್ನು ಹೀರುವ ಬದಲು ಕಡ್ಡಿಯ ಈ ತುದಿಯಿಂದ ಆ ತುದಿಗೆ ಸವರಿತು. ಮತ್ತೆ ಒರೆಸಿದೆ, ಮತ್ತೆ ಸವರಿತು. ಕೊನೆಗೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಡ್ಡಿಯನ್ನು ನನ್ನ ಸೀರೆಯ ಸೆರಗಿಗೇ ಒರೆಸಿದೆ.